ಚರ್ಚಿನಲ್ಲಿ ಇಂಟರ್ನೆಟ್ ನಿಧಾನವಾಗಿದ್ದರೆ ಟ್ಯಾಬ್ಲೆಟ್‌ನಲ್ಲಿ ಸತ್ಯವೇದ ಓದುವ ಬಗೆ

ಭಾನುವಾರದ ಆರಾಧನೆಯಲ್ಲಿ ಇಡೀ ಸಭೆ ಒಂದೇ ವೈಫೈಯನ್ನು ಹಂಚಿಕೊಳ್ಳುವುದರಿಂದ, ಪಾಸ್ಟರರು ವಾಕ್ಯಭಾಗವನ್ನು ಓದಿ ಮುಗಿಸಿದರೂ ಟ್ಯಾಬ್ಲೆಟ್‌ನಲ್ಲಿ ಅಧ್ಯಾಯ ತೆರೆದಿರುವುದಿಲ್ಲ. ಆದ್ದರಿಂದ ಶನಿವಾರವೇ ಮನೆಯಲ್ಲಿ ಯೂವರ್ಷನ್‌ನಂತಹ ಬೈಬಲ್ ಆ್ಯಪ್ ತೆರೆದು, ನಿಮ್ಮ ಸಭೆ ಬಳಸುವ ಕನ್ನಡ ಅನುವಾದವನ್ನು ಆರಿಸಿ, ಅದಕ್ಕೆ ಡೌನ್‌ಲೋಡ್ ಸೌಲಭ್ಯವಿದ್ದರೆ ಇಳಿಸಿಕೊಳ್ಳಿ. ಬರಿಯ ಪಠ್ಯವಾದ್ದರಿಂದ ಆದಿಕಾಂಡದಿಂದ ಪ್ರಕಟನೆಯವರೆಗಿನ 66 ಪುಸ್ತಕಗಳಿಗೂ ಕೆಲವೇ ಎಂಬಿ ಸಾಕು. ಆಡಿಯೋ ಮಾತ್ರ ಬಹಳ ಜಾಗ ಕೇಳುತ್ತದೆ. ನಂತರ ಏರೋಪ್ಲೇನ್ ಮೋಡ್ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದು, ಈಚೆಗೆ ಓದಿರದ ಒಂದು ಅಧ್ಯಾಯವನ್ನು, ಉದಾಹರಣೆಗೆ ಹಬಕ್ಕೂಕ 3ನ್ನು, ತೆಗೆದು ನೋಡಿ. ಹಿಂದೆ ಓದಿದ ಪುಟಗಳು ಇಳಿಸಿಕೊಳ್ಳದಿದ್ದರೂ ಕಾಣಿಸಬಹುದಾದ್ದರಿಂದ ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಚರ್ಚಿನಲ್ಲಿಯೂ ಅದೇ ಮೋಡ್ ಇಟ್ಟುಕೊಂಡರೆ ಪ್ರಸಂಗದ ನಡುವೆ ಬೇರೆ ಸಂದೇಶಗಳು ಬಂದು ಗಮನವನ್ನು ಸೆಳೆಯುವುದಿಲ್ಲ.