ಏಳು ನಿಮಿಷದ ಪಾಠ, 16 ಎಂಬಿ ಒಳಗೆ

ನಾನು ಯಾದಗಿರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಬಿಕಾಂ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿತು. ಮಳೆಗಾಲದ ಹೊತ್ತಿಗೆ ಎಲ್ಲರಂತೆ ನಾನೂ ಬೆಳಿಗ್ಗೆ 10ಕ್ಕೆ ಲೈವ್ ಕ್ಲಾಸ್ ಶುರು ಮಾಡಿದೆ. 60ಕ್ಕೂ ಜಾಸ್ತಿ ಮಕ್ಕಳಿದ್ದ ಕ್ಲಾಸಿಗೆ ಬಂದವರು 11 ಜನ.

ಬೇಜಾರಾಯಿತು. ಆದರೆ ಕಾರಣ ತಿಳಿಯದೆ ಬೈಯುವುದು ಸರಿಯಲ್ಲ ಅಂತ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹುಣಸಗಿ ಕಡೆಯ ಒಬ್ಬ ಹುಡುಗಿಗೆ ಹಗಲಲ್ಲಿ ಮೂರು ಸಲ ಮಾಡಿದರೂ ಸಿಗಲಿಲ್ಲ. ರಾತ್ರಿ ಅವಳೇ ಮಾಡಿದಳು. “ಫೋನ್ ನಮ್ಮಣ್ಣಂದ್ರಿ ಸರ್. ಮುಂಜಾನೆ ಒಯ್ತಾನ್ರಿ, ರಾತ್ರಿ ಎಂಟಕ್ಕ ತರ್ತಾನ್ರಿ.” ಇನ್ನೊಬ್ಬ ಅಪ್ಪನ ಜೊತೆ ಹೊಲದಲ್ಲಿ ಎಡೆ ಹೊಡೆಯುತ್ತಿದ್ದ. ಮತ್ತೊಬ್ಬನಿಗೆ ಸಿಗ್ನಲ್ ಬೇಕಾದರೆ ಹನುಮಪ್ಪನ ಗುಡಿ ಕಟ್ಟೆಗೆ ಬರಬೇಕು. ಇವರಾರೂ ಓದಲು ಮನಸ್ಸಿಲ್ಲದ ಮಕ್ಕಳಲ್ಲ. ನಾನು ಕರೆದ ಹೊತ್ತು ಅವರ ಹೊತ್ತಾಗಿರಲಿಲ್ಲ, ಅಷ್ಟೇ.

ಲೈವ್ ನಿಲ್ಲಿಸಿದೆ. ರಾತ್ರಿ ಎಂಟಕ್ಕೆ ಕೈಗೆ ಬರುವ ಫೋನಿಗೆ, ಒಂದು ಗಂಟೆಯೊಳಗೆ, ಎಷ್ಟು ಕಳಿಸಬಹುದೋ ಅಷ್ಟೇ ಪಾಠ ಮಾಡೋಣ ಅಂತ ನಿರ್ಧರಿಸಿದೆ.

ಮೇಜಿನ ಮೇಲೆ ಎರಡು ಕಡೆ ಪುಸ್ತಕ ಪೇರಿಸಿದೆ, ಅವುಗಳ ಮೇಲೆ ಅಡ್ಡಲಾಗಿ ಒಂದು ಮರದ ಸ್ಕೇಲ್ ಇಟ್ಟೆ, ಅದಕ್ಕೆ ಕ್ಯಾಮೆರಾ ಕೆಳಗೆ ನೋಡುವಂತೆ ಫೋನ್ ಕಟ್ಟಿದೆ. ಕೆಳಗೆ ನೋಟ್‌ಬುಕ್. ಕಿಟಕಿ ಎಡಗಡೆಗೆ ಬರಬೇಕು, ಇಲ್ಲಾಂದ್ರೆ ಬರೆಯುವ ಕೈಯ ನೆರಳು ಲೆಕ್ಕದ ಮೇಲೇ ಬೀಳುತ್ತದೆ. ರೂಮಿನಲ್ಲಿ ದನಿ ಗಂವ್ ಅನ್ನುತ್ತಿತ್ತು. ಎದುರು ಗೋಡೆಗೆ ಅವ್ವ ಹೊಲಿದ ಕೌದಿ ನೇತುಹಾಕಿದೆ, ದನಿ ತಿಳಿಯಾಯಿತು. ನನ್ನ ಮುಖ ಕಾಣುವುದೇ ಬೇಡ ಅಂತ ಮೊದಲೇ ಅಂದುಕೊಂಡಿದ್ದೆ. ಲೆಕ್ಕ ಕಲಿಯುವವರಿಗೆ ನೋಡಬೇಕಾದದ್ದು ಪೆನ್ನು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಿಂದಕ್ಕೆ ಹೋಗುತ್ತದೆ ಅನ್ನುವುದು.

ಏಳು ನಿಮಿಷ, ಒಂದೇ ಲೆಕ್ಕ. ಫೋನಿನಲ್ಲಿ ತೆಗೆದ ವಿಡಿಯೊ ನೂರಾರು ಎಂಬಿ ಇರುತ್ತಿತ್ತು. ಆಗ ವಾಟ್ಸಾಪ್‌ನಲ್ಲಿ ವಿಡಿಯೊ 16 ಎಂಬಿ ದಾಟುವಂತಿರಲಿಲ್ಲ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶದಲ್ಲಿ ಹಾಕಿ ಚಿತ್ರದ ಗಾತ್ರವನ್ನು 480ಪಿಗೆ ಇಳಿಸಿದೆ, ಸೆಕೆಂಡಿಗೆ 10 ಫ್ರೇಮ್ ಮಾತ್ರ ಇಟ್ಟೆ, ದನಿಯನ್ನು ಮೋನೊ, ಅಂದರೆ ಒಂದೇ ಚಾನೆಲ್, ಮಾಡಿದೆ. ಹಾಳೆ ಅಲುಗಾಡುವುದಿಲ್ಲ, ಕೈ ಮಾತ್ರ ಆಡುತ್ತದೆ, ಹಾಗಾಗಿ ಇಷ್ಟು ಇಳಿಸಿದರೂ ಅಕ್ಷರ ಚೆನ್ನಾಗಿ ಕಾಣುತ್ತದೆ. ಅದೂ ಭಾರ ಅನ್ನುವವರಿಗೆ ಬರೀ ಆಡಿಯೊ ಕಳಿಸುತ್ತಿದ್ದೆ. ಸೆಕೆಂಡಿಗೆ 32 ಕಿಲೊಬಿಟ್ ಲೆಕ್ಕದಲ್ಲಿ ಏಳು ನಿಮಿಷಕ್ಕೆ 1.7 ಎಂಬಿ ಆಗುತ್ತದೆ. ಜೊತೆಗೆ ಆ ಹಾಳೆಯ ಒಂದು ಫೋಟೊ.

ಒಂದು ಪಾಠ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಲೆಕ್ಕ. ಪಠ್ಯದಲ್ಲಿದ್ದ ಉದಾಹರಣೆ ಯಾವುದೋ ಕಾರ್ಖಾನೆಯ ಬಲ್ಬುಗಳದ್ದು. ಅದನ್ನು ಬಿಟ್ಟು ತೊಗರಿ ಹಿಡಿದೆ. ಐದು ದಿನದ ದರ, ಕ್ವಿಂಟಲ್‌ಗೆ ಸಾವಿರದ ಲೆಕ್ಕದಲ್ಲಿ 7, 8, 9, 10, 11. ಸುಲಭ ಆಗಲಿ ಅಂತ ನಾನೇ ಹಾಕಿಕೊಂಡ ಅಂಕಿ ಇವು. ಸರಾಸರಿ 9. ಪ್ರತಿ ದಿನದ ದರ ಸರಾಸರಿಯಿಂದ ಎಷ್ಟು ದೂರ? ಮೈನಸ್ 2, ಮೈನಸ್ 1, ಸೊನ್ನೆ, 1, 2. ಇವನ್ನು ಕೂಡಿ ಅಂತ ಹೇಳಿ ಅಲ್ಲಿಗೇ ವಿಡಿಯೊ ನಿಲ್ಲಿಸಿದೆ.

ಆ ರಾತ್ರಿ ಒಂಬತ್ತೂವರೆಗೆ ಹುಣಸಗಿ ಕಡೆಯ ಹುಡುಗಿಯ ವಾಯ್ಸ್ ಮೆಸೇಜ್ ಬಂತು. “ಸರ್, ಕೂಡಿದ್ರ ಸೊನ್ನಿ ಬರ್ತದ್ರಿ. ಹಂಗಾದ್ರ ದರ ಏರಿಲ್ಲ, ಇಳಿದಿಲ್ಲ ಅಂತೇನ್ರಿ? ಏಳಕ್ಕ ಮಾರಿದವ್ರು ಅಳ್ತಾರ್ರಿ.” ಕ್ಲಾಸಿನಲ್ಲಿ ಎಷ್ಟೋ ವರ್ಷ ಇದೇ ಲೆಕ್ಕ ಮಾಡಿಸಿದ್ದೇನೆ, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮರುದಿನದ ಪಾಠ ಅವಳ ಪ್ರಶ್ನೆಯಿಂದಲೇ ಶುರುವಾಯಿತು. ಮೈನಸ್ಸು ಪ್ಲಸ್ಸನ್ನು ತಿಂದುಹಾಕುತ್ತದೆ, ಅದಕ್ಕೇ ವರ್ಗ ಮಾಡುತ್ತೇವೆ: 4, 1, 0, 1, 4. ಮೊತ್ತ 10, ಐದರಿಂದ ಭಾಗಿಸಿದರೆ 2, ಅದರ ವರ್ಗಮೂಲ 1.414. ಅಂದರೆ ದರ ಸರಾಸರಿಯ ಆಚೆ ಈಚೆ ಸುಮಾರು 1,414 ರೂಪಾಯಿ ಓಲಾಡುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದರೆ ಇಷ್ಟೇ ಅಲ್ವಾ?

ಆಮೇಲೆ ಗೂಗಲ್ ಫಾರ್ಮ್‌ನಲ್ಲಿ ಒಂದೇ ಪ್ರಶ್ನೆ ಕಳಿಸಿದೆ. ನಾಲ್ಕು ಉತ್ತರ: 0, 10, 2, 1.414. ಇವನ್ನು ಸುಮ್ನೆ ಹಾಕಿದ್ದಲ್ಲ. ಸೊನ್ನೆ ಒತ್ತಿದವರು ವರ್ಗ ಮಾಡಿಲ್ಲ, 10 ಒತ್ತಿದವರು ಭಾಗಿಸಿಲ್ಲ, 2 ಒತ್ತಿದವರು ವರ್ಗಮೂಲ ಮರೆತಿದ್ದಾರೆ. ಯಾರು ಎಲ್ಲಿ ಎಡವಿದರು ಅಂತ ನನಗೆ ಕೂತಲ್ಲೇ ಗೊತ್ತಾಗುತ್ತದೆ. ಆ ವಾರ ಜಾಸ್ತಿ ಜನ 2 ಒತ್ತಿದ್ದರು. ಅವರಿಗಷ್ಟೇ ಎರಡು ನಿಮಿಷದ ಆಡಿಯೊ ಕಳಿಸಿದೆ. ಆನ್‌ಲೈನ್ ಕಲಿಕೆಯಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದು. ತಪ್ಪು ಉತ್ತರಗಳನ್ನು ಬರೆಯಲು ನಾನು ಪಾಠಕ್ಕಿಂತ ಹೆಚ್ಚು ಹೊತ್ತು ಕೂರುತ್ತೇನೆ.

2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಗೂ ಮಕ್ಕಳನ್ನು ಸೇರಿಸಿದ್ದೇನೆ. ಇಂಗ್ಲಿಷ್ ಗೊತ್ತಿದ್ದವರಿಗೆ ಅದು ದೊಡ್ಡ ಬಾಗಿಲು. 2021ರಿಂದ ಒಂದು ಸೆಮಿಸ್ಟರಿನ 40 ಶೇಕಡಾ ತನಕ ಕೋರ್ಸುಗಳನ್ನು ಅಲ್ಲಿಂದ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅವಕಾಶ ಕೊಟ್ಟಿದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. “ಇಲ್ಲಿ ತಿಳೀಲಿಲ್ರಿ” ಅಂದರೆ ಅದೇ ರಾತ್ರಿ ಉತ್ತರ ಸಿಗಬೇಕು.

ಈಗ ಕಾಲೇಜು ಎಂದಿನಂತೆ ನಡೆಯುತ್ತಿದೆ, ರೆಕಾರ್ಡಿಂಗ್ ಮಾತ್ರ ಬಿಟ್ಟಿಲ್ಲ. ತೊಗರಿ ರಾಶಿ, ಹತ್ತಿ ಬಿಡಿಸುವ ಕಾಲದಲ್ಲಿ ಅರ್ಧ ಬೆಂಚು ಖಾಲಿ ಇರುತ್ತವೆ. ಆ ಮಕ್ಕಳಿಗೆ ರಾತ್ರಿ ಪಾಠ ಹೋಗುತ್ತದೆ. ಕಳೆದ ಸಲ ತಾಂಡಾದ ಒಬ್ಬ ಹುಡುಗ ನನ್ನ ಆಡಿಯೊ ಕೇಳಿ, ಅದೇ ಲೆಕ್ಕವನ್ನು ಲಂಬಾಣಿಯಲ್ಲಿ ಹೇಳಿ, ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಗ್ರೂಪಿಗೆ ಹಾಕಿದ. ನನಗೆ ಲಂಬಾಣಿ ಬರುವುದಿಲ್ಲ. ನಡುನಡುವೆ “ತೊಗರಿ”, “ಸರಾಸರಿ”, “ವರ್ಗಮೂಲ” ಅಂತ ಕೇಳಿಸಿತು. ಕೊನೆಗೆ ಅವನು ಏನೋ ಪ್ರಶ್ನೆ ಕೇಳಿದ. ಅರ್ಧ ಗಂಟೆಯಲ್ಲಿ ಐದು ಜನ ಉತ್ತರ ಕಳಿಸಿದರು, ಐದರಲ್ಲೂ 1.414 ಇತ್ತು.