ವ್ಯಾನಿನ ರೇಡಿಯೋ ಕೊರೆತ ನಿಂತಿದ್ದು ಹೀಗೆ

ಸುತ್ತಾಡೋಕೆ ಅಂತ ಹಾಸಿಗೆ, ಸ್ಟೌವ್ ಎಲ್ಲಾ ಜೋಡಿಸಿದ ಹಳೇ ಓಮ್ನಿ ನಮ್ಮದು. ಸ್ಯಾಟಲೈಟ್ ರೇಡಿಯೋ ಹಾಕಿಸುವ ಆಸೆ ತುಂಬಾ ಇತ್ತು. ಆದರೆ ನಮ್ಮಲ್ಲಿ ಆ ಸೇವೆ ಕೊಡುತ್ತಿದ್ದ ವರ್ಲ್ಡ್‌ಸ್ಪೇಸ್ 2009ರ ಕೊನೆಗೇ ನಿಂತಿತು, ಅಮೆರಿಕದ ಸಿರಿಯಸ್ ಎಕ್ಸ್‌ಎಂ ಇಲ್ಲಿಗೆ ಇಲ್ಲ. ಸರಿ, ಎಫ್‌ಎಂ ಸ್ಟೀರಿಯೋನೇ ಹಾಕಿಸಿದೆ.

ಕೋಲಾರದಿಂದ ನರಸಾಪುರದ ಕಡೆ ಹೊರಟರೆ 102.9ರ ವಿವಿಧ ಭಾರತಿ ಬರುತ್ತಿತ್ತು, ಆದರೆ ಹಾಡಿನ ಹಿಂದೆ ಕುಂಯ್ ಅನ್ನೋ ಶಬ್ದ, ಆಕ್ಸಿಲರೇಟರ್ ಒತ್ತಿದಷ್ಟೂ ಅದೂ ಏರುತ್ತಿತ್ತು. ಸ್ಟೀರಿಯೋನೇ ಬದಲಾಯಿಸಿ ಅಂದರು ಅಂಗಡಿಯವರು. ನನಗೆ ಮನಸ್ಸು ಒಪ್ಪಲಿಲ್ಲ.

ಮೊದಲು ಮೊಬೈಲ್ ಚಾರ್ಜರ್ ಕಿತ್ತೆ. ಜೊತೆಗೇ ಬರುತ್ತಿದ್ದ ಜರಜರ ಅನ್ನೋ ಶಬ್ದ ಅರ್ಧ ಕಡಿಮೆಯಾಯಿತು, ಕುಂಯ್ ಮಾತ್ರ ಹಾಗೇ ಇತ್ತು. ಆಮೇಲೆ ಚಾವಣಿಯ ಆಂಟೆನಾ ನಟ್ಟು ಬಿಚ್ಚಿ ನೋಡಿದರೆ, ತಳದಲ್ಲಿ ಬಣ್ಣದ ಪದರ, ಅದರ ಸುತ್ತ ಕೆಂಪು ತುಕ್ಕು. ಆಂಟೆನಾ ತಳ ಬಾಡಿಯ ತಗಡಿಗೆ ತಾಗಲೇಬೇಕು, ಇಲ್ಲಾಂದ್ರೆ ಅರ್ತ್ ಸಿಗಲ್ಲ, ಇಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಶಬ್ದ ಒಳಗೆ ನುಗ್ಗುತ್ತೆ. ಉಪ್ಪುಕಾಗದದಲ್ಲಿ ಉಜ್ಜಿದೆ, ತಗಡು ಬೆಳ್ಳಗೆ ಹೊಳೆಯುವವರೆಗೂ. ಹಲ್ಲಿನ ವಾಷರ್ ಹಾಕಿ ಬಿಗಿದೆ, ನೀರು ಇಳಿಯದ ಹಾಗೆ ಸುತ್ತ ಸಿಲಿಕಾನ್ ಹಚ್ಚಿದೆ. ಸ್ಟೀರಿಯೋದ ಕಪ್ಪು ಅರ್ತ್ ವೈರನ್ನೂ ಬಾಡಿಯ ಬೋಲ್ಟಿಗೆ ನೇರವಾಗಿ ಕೊಟ್ಟೆ.

ಇಂಜಿನ್ ಶುರು ಮಾಡಿದೆ. ಬರೀ ಹಾಡು! ಎಷ್ಟು ಖುಷಿಯಾಯಿತು ಅಂದ್ರೆ, ಆ ಸಂಜೆ ಸುಮ್ನೆ ಅಂತರಗಂಗೆ ಬೆಟ್ಟದವರೆಗೂ ಹೋಗಿ ಬಂದೆವು.