ಬಣ್ಣದ ಬಟ್ಟೆಗೆ ಬ್ಲೀಚ್ ಹಾಕುವ ಮುಂಚೆ

ಹೋದ ವಾರ ಕುವೆಂಪುನಗರದ ನಮ್ಮ ಮನೆಯಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಹಸಿರು ಕಾಟನ್ ಕುರ್ತಾ ಮೇಲೆ ಸಾರಿನ ಕಲೆ. ಬಿಳಿ ಪಂಚೆಗೆ ಹಾಕುವ ಬ್ಲೀಚನ್ನೇ ನಾಲ್ಕು ಹನಿ ಬಿಟ್ಟೆ. ಕಲೆ ಹೋಯಿತು, ಜೊತೆಗೆ ಹಸಿರೂ ಹೋಯಿತು! ಈಗ ಅಲ್ಲಿ ರೂಪಾಯಿ ಅಗಲದ ಬಿಳಚಿದ ಮಚ್ಚೆ.

ಆ ನೀರಿನಂಥ ಬ್ಲೀಚಿನಲ್ಲಿ ಇರುವುದು ಸೋಡಿಯಂ ಹೈಪೋಕ್ಲೋರೈಟ್. ಕಲೆ ಯಾವುದು, ಬಣ್ಣ ಯಾವುದು ಅಂತ ಅದು ನೋಡುವುದಿಲ್ಲ. ಬಣ್ಣದ ಬಟ್ಟೆಗೆ ಆಕ್ಸಿಜನ್ ಬ್ಲೀಚ್ ಪುಡಿಯೇ ವಾಸಿ. ಪ್ಯಾಕೆಟ್ ಹಿಂದೆ ಸೋಡಿಯಂ ಪರ್ಕಾರ್ಬೊನೇಟ್ ಅಂತ ಇರುತ್ತದೆ. ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಬಟ್ಟೆ ಹಾಕಿ. ಬಟ್ಟೆ ಹಾಕುವ ಮೊದಲು ಒಳಗಿನ ಹೊಲಿಗೆ ಹತ್ತಿರ ಆ ನೀರಿನ ಒಂದು ಹನಿ ಹಾಕಿ, 10 ನಿಮಿಷ ಬಿಟ್ಟು ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಅಂಟಿತಾ? ಹಾಗಾದರೆ ಬೇಡ.

ಬಟ್ಟೆಯ ಲೇಬಲ್ ಮೇಲಿನ ತ್ರಿಕೋನವನ್ನೂ ಗಮನಿಸಿ. ಒಳಗೆ ಎರಡು ಓರೆ ಗೆರೆ ಇದ್ದರೆ ಆಕ್ಸಿಜನ್ ಬ್ಲೀಚ್ ಮಾತ್ರ. ತ್ರಿಕೋನದ ಮೇಲೆ X ಥರ ಗೀಟು ಹೊಡೆದಿದ್ದರೆ ಯಾವ ಬ್ಲೀಚೂ ಬೇಡ. ಮೈಸೂರು ಸಿಲ್ಕ್ ಸೀರೆಗಂತೂ ಎರಡನ್ನೂ ತೋರಿಸಲೇಬೇಡಿ.

ಇನ್ನೊಂದು: ಕಲೆ ಜಾಸ್ತಿ ಇದೆ ಅಂತ ಆ ನೀರಿನಂಥ ಬ್ಲೀಚ್ ಜೊತೆ ನಿಂಬೆರಸ, ವಿನೆಗರ್, ಟಾಯ್ಲೆಟ್ ಆಸಿಡ್ ಬೆರೆಸಬೇಡಿ. ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಬಾತ್‌ರೂಮ್ ಕಿಟಕಿ ತೆರೆದೇ ಇರಲಿ.